ಒಂದು ತಿಂಗಳ ಮಟ್ಟಿಗೆ ಚಿಕ್ಕಲಸಂದ್ರದಲ್ಲಿ ಮನೆ ಹೂಡುವುದು ಹೇಗೆ?

ಅಪ್ಪನ ಮಂಡಿ ಆಪರೇಷನ್‌ಗೆಂದು ಊರಿನಿಂದ ಮನೆಯವರೆಲ್ಲ ಬೆಂಗಳೂರಿಗೆ ಬರುತ್ತಾರೆ. ಮಗಳ ಬಾಣಂತನಕ್ಕೆ ತಾಯಿ ಬರುತ್ತಾರೆ. ವಿದೇಶದಲ್ಲಿರುವ ಮಗ ಹೆಂಡತಿ ಮಕ್ಕಳೊಂದಿಗೆ ಡಿಸೆಂಬರ್ ರಜೆಗೆ ಬರುತ್ತಾನೆ. ನೆಂಟರ ಮನೆಯಲ್ಲಿ ನಾಲ್ಕು ದಿನ ಇರಬಹುದು, ತಿಂಗಳು ಇರುವುದು ಕಷ್ಟ. ಹೋಟೆಲಿನಲ್ಲಿ ಇರೋಣವೆಂದರೆ ಗಂಜಿ ಕಾಯಿಸಲು ಒಲೆ ಇಲ್ಲ. ಇಂಥವರಿಗೆ ಬೇಕಾದದ್ದು ಪಾತ್ರೆ, ಹಾಸಿಗೆ, ಫ್ರಿಜ್ ಎಲ್ಲ ಇರುವ ಒಂದು ತಿಂಗಳ ಬಾಡಿಗೆ ಮನೆ.

ಚಿಕ್ಕಲಸಂದ್ರ ಇದಕ್ಕೆ ಅನುಕೂಲವಾದ ಜಾಗ. ಬನಶಂಕರಿ, ಪದ್ಮನಾಭನಗರ, ಉತ್ತರಹಳ್ಳಿ ಎಲ್ಲವೂ ಹತ್ತಿರ. ಆದರೆ ಒಂದು ಮಾತು ನೆನಪಿರಲಿ. ನೀರು, ಒಲೆ, ಕಸ ಈ ಮೂರರ ವ್ಯವಸ್ಥೆ ಮೊದಲ ಎರಡು ದಿನದಲ್ಲಿ ಆಗಬೇಕು. ಅದಾದರೆ ಉಳಿದ 28 ದಿನ ನೆಮ್ಮದಿ. ಆಗದಿದ್ದರೆ ತಿಂಗಳಿಡೀ ಪರದಾಟ.

ಎಂಥ ಮನೆ ಸಿಗುತ್ತದೆ?

ಎರಡು ಬಗೆ ಇವೆ. ಮೊದಲನೆಯದು ಸರ್ವೀಸ್ ಅಪಾರ್ಟ್‌ಮೆಂಟ್. ಅಂದರೆ ಹೋಟೆಲಿನಂತೆ ನಡೆಸುವ, ಅಡುಗೆಮನೆ ಇರುವ ಮನೆ. ಗುಡಿಸಿ ಒರೆಸುವುದು, ಕರೆಂಟು, ಇಂಟರ್‌ನೆಟ್ ಸಾಮಾನ್ಯವಾಗಿ ಬಾಡಿಗೆಯಲ್ಲೇ ಸೇರಿರುತ್ತವೆ. ಎರಡನೆಯದು ಫರ್ನಿಶ್ಡ್ ಫ್ಲ್ಯಾಟ್. ಅಂದರೆ ಓನರ್ ಸಾಮಾನು ಸಮೇತ ಬಾಡಿಗೆಗೆ ಕೊಡುವ ಸ್ವಂತ ಮನೆ. ಬಾಡಿಗೆ ಕಡಿಮೆ ಇರಬಹುದು, ಆದರೆ ಓಡಾಟದ ಕೆಲಸವೆಲ್ಲ ನಿಮ್ಮದೇ.

"ಬೆಂಗಳೂರಿನಲ್ಲಿ ಎಲ್ಲರೂ 11 ತಿಂಗಳ ಕರಾರು ಕೇಳುತ್ತಾರಲ್ಲ?" ಎಂಬ ಅನುಮಾನ ಬರಬಹುದು. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು. ಅದಕ್ಕೇ 11 ತಿಂಗಳ ರೂಢಿ ಬಂತು. ಅದಕ್ಕಿಂತ ಕಡಿಮೆ ಅವಧಿಗೆ ಅಡ್ಡಿಯೇನಿಲ್ಲ. ಫ್ರಾನ್ಸಿನಲ್ಲಿ ಒಂದರಿಂದ 10 ತಿಂಗಳ ವಾಸಕ್ಕೆಂದೇ, ಅಡ್ವಾನ್ಸ್ ಇಲ್ಲದ ಒಂದು ಬಗೆಯ ಕರಾರನ್ನು 2018ರಲ್ಲಿ ಕಾನೂನು ಮಾಡಿ ತಂದರು. ನಮ್ಮಲ್ಲಿ ಹಾಗಿಲ್ಲ. ಎಲ್ಲವೂ ನೀವು ಮತ್ತು ಓನರ್ ಬರೆದುಕೊಂಡಂತೆ. ಆದ್ದರಿಂದ ಒಂದು ಪುಟವಾದರೂ ಸರಿ, ಬರವಣಿಗೆಯಲ್ಲಿರಲಿ. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಯಾವ ದಿನ ವಾಪಸು, ಕರೆಂಟು ಬಿಲ್ಲು ಯಾರದು ಎಂಬ ನಾಲ್ಕು ವಿಷಯ ಅದರಲ್ಲಿರಬೇಕು.

ಅಪಾರ್ಟ್‌ಮೆಂಟ್ ಆದರೆ ಇನ್ನೊಂದು ಪ್ರಶ್ನೆ ಕೇಳಿ. ಅಲ್ಲಿನ ಅಸೋಸಿಯೇಷನ್, ಅಂದರೆ ನಿವಾಸಿಗಳ ಸಂಘ, ತಿಂಗಳ ಬಾಡಿಗೆಗೆ ಒಪ್ಪುತ್ತದೆಯೇ? ಕೆಲವು ಕಡೆ ಒಪ್ಪುವುದಿಲ್ಲ. ಲಗೇಜಿನೊಂದಿಗೆ ಗೇಟಿನಲ್ಲಿ ನಿಂತಾಗ ತಿಳಿದು ಫಲವಿಲ್ಲ.

ಮೊದಲು ನೀರು ಕೇಳಿ

ಊರಿನ ಹೆಸರಿನ ಕೊನೆಯ "ಸಂದ್ರ" ಎಂದರೆ "ಸಮುದ್ರ", ಅಂದರೆ ಕೆರೆ. ಬೊಮ್ಮಸಂದ್ರ, ಸಿಂಗಸಂದ್ರಗಳೂ ಹೀಗೆಯೇ. ಕೆರೆಯ ಹೆಸರು ಹೊತ್ತ ಊರಿನಲ್ಲೂ ಇಂದು ಮನೆ ನೋಡುವಾಗ ಮೊದಲ ಪ್ರಶ್ನೆ ನೀರಿನದೇ ಆಗಿರಬೇಕು.

ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪ್ ಆಗಿ ಬೆಂಗಳೂರಿಗೆ ಬರುತ್ತದೆ. ನಗರದ ಹಲವು ಬಡಾವಣೆಗಳಲ್ಲಿ ಅದು ದಿನ ಬಿಟ್ಟು ದಿನ ಬರುತ್ತದೆ. ಬಂದ ನೀರು ಸಂಪಿನಲ್ಲಿ, ಅಂದರೆ ನೆಲದಡಿಯ ತೊಟ್ಟಿಯಲ್ಲಿ ತುಂಬುತ್ತದೆ. ಅಲ್ಲಿಂದ ಮೋಟಾರು ಹಾಕಿ ಮೇಲಿನ ಟ್ಯಾಂಕಿಗೆ ಏರಿಸಬೇಕು. ನೀವು ಕೇಳಬೇಕಾದದ್ದು ಇಷ್ಟು: ಕಾವೇರಿ ಸಂಪರ್ಕ ಇದೆಯೇ? ಯಾವ ದಿನ, ಎಷ್ಟು ಹೊತ್ತಿಗೆ ಬರುತ್ತದೆ? ಮೋಟಾರು ಯಾರು ಹಾಕುತ್ತಾರೆ? ಬೋರ್‌ವೆಲ್ ನೀರು ಬೆರೆಸುತ್ತಾರೆಯೇ?

ಬೋರ್ ನೀರು ಗಡಸು. ಬೇಳೆ ಬೇಗ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ. ಕುಡಿಯಲು ಫಿಲ್ಟರ್ ಇಲ್ಲದಿದ್ದರೆ 20 ಲೀಟರಿನ ಕ್ಯಾನ್ ತರಿಸಿ. ಯಾವ ಅಂಗಡಿಯವರು ಮನೆಗೆ ತಂದುಕೊಡುತ್ತಾರೆ ಎಂಬುದು ವಾಚ್‌ಮ್ಯಾನ್‌ಗೆ ಗೊತ್ತಿರುತ್ತದೆ.

ಬೇಸಿಗೆಯಲ್ಲಿ ಬರುವವರು ಟ್ಯಾಂಕರ್ ಖರ್ಚು ಯಾರದು ಎಂದೂ ಕೇಳಿ. 2024ರ ಮಾರ್ಚ್‌ನ ಬರಗಾಲದಲ್ಲಿ ಜಿಲ್ಲಾಡಳಿತವೇ ಬೆಲೆ ಕಟ್ಟಬೇಕಾಯಿತು: 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ. 2025ರ ಮೇಯಿಂದ ಜಲಮಂಡಳಿಯ "ಸಂಚಾರಿ ಕಾವೇರಿ" ಯೋಜನೆಯಲ್ಲಿ ಟ್ಯಾಂಕರನ್ನು ಆನ್‌ಲೈನ್‌ನಲ್ಲಿ ತರಿಸಿಕೊಳ್ಳಬಹುದು. ನೀರಿನ ದೂರಿಗೆ 1916ಕ್ಕೆ ಫೋನ್ ಮಾಡಿ.

ಒಲೆ ಹೊತ್ತಿಸುವುದು

ಕೆಲವು ಅಪಾರ್ಟ್‌ಮೆಂಟುಗಳಲ್ಲಿ ಗ್ಯಾಸ್ ಕೊಳವೆಯಲ್ಲೇ ಬರುತ್ತದೆ. ಹಲವು ಮನೆಗಳಲ್ಲಿ ಸಿಲಿಂಡರ್. ಓನರ್ ಕೊಡುವ ಸಿಲಿಂಡರ್ ತುಂಬಿದೆಯೇ, ಮುಗಿದರೆ ಬುಕ್ ಮಾಡುವವರು ಯಾರು ಎಂದು ಕೇಳಿಕೊಳ್ಳಿ. ಬುಕಿಂಗ್ ಓನರ್ ಫೋನಿನಿಂದಲೇ ಆಗಬೇಕು. ಅವರು ಸಿಗದಿದ್ದರೆ 5 ಕೆ.ಜಿ.ಯ ಚಿಕ್ಕ ಸಿಲಿಂಡರ್ ಇದೆ. ಇದಕ್ಕೆ ವಿಳಾಸದ ದಾಖಲೆ ಬೇಡ, ಗುರುತಿನ ಚೀಟಿ ಸಾಕು. ಗ್ಯಾಸ್ ಏಜೆನ್ಸಿಯಲ್ಲಿ ವಿಚಾರಿಸಿ.

ಇಂಡಕ್ಷನ್ ಒಲೆ, ಅಂದರೆ ಕರೆಂಟಿನ ಚಪ್ಪಟೆ ಒಲೆ ಇದ್ದರೆ ತಳ ಸಮನಾದ ಸ್ಟೀಲ್ ಪಾತ್ರೆ ಬೇಕು. ಸಾಮಾನ್ಯ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಕಾಯುವುದಿಲ್ಲ.

ಅಮೆರಿಕದಿಂದ ಬರುವವರು ಅಲ್ಲಿನ ಹೇರ್ ಡ್ರೈಯರನ್ನು ಇಲ್ಲಿ ಹಾಗೇ ಚುಚ್ಚಬೇಡಿ. ಅಲ್ಲಿ 120 ವೋಲ್ಟ್, ಇಲ್ಲಿ 230. ಸುಟ್ಟುಹೋಗುತ್ತದೆ. ಯುರೋಪಿನಿಂದ ಬರುವವರಿಗೆ ವೋಲ್ಟೇಜಿನ ತೊಂದರೆ ಇಲ್ಲ.

ಕಸಕ್ಕೂ ಕ್ರಮವಿದೆ

ಬೆಂಗಳೂರಿನಲ್ಲಿ ಕಸವನ್ನು ಮೂರು ಭಾಗ ಮಾಡಿಯೇ ಕೊಡಬೇಕು. ಹಸಿರು ಬುಟ್ಟಿಗೆ ಹಸಿ ಕಸ: ತರಕಾರಿ ಸಿಪ್ಪೆ, ಉಳಿದ ಅನ್ನ, ಹೂವು. ಕೆಂಪು ಬುಟ್ಟಿಗೆ ಡೈಪರ್, ಪ್ಯಾಡ್, ಬ್ಯಾಂಡೇಜ್. ಚೀಲಕ್ಕೆ ಒಣ ಕಸ: ಕಾಗದ, ಪ್ಲಾಸ್ಟಿಕ್, ತೊಳೆದ ಹಾಲಿನ ಕವರ್. ಬಾಣಂತಿ ಅಥವಾ ರೋಗಿ ಇರುವ ಮನೆಯಲ್ಲಿ ಕೆಂಪು ಬುಟ್ಟಿ ಬೇಗ ತುಂಬುತ್ತದೆ. ಕಸದ ಆಟೊ ಬರುವ ಹೊತ್ತನ್ನು ಪಕ್ಕದ ಮನೆಯವರನ್ನು ಕೇಳಿ. ಆ ನೆಪದಲ್ಲಿ ಪರಿಚಯವೂ ಆಗುತ್ತದೆ.

ಖರ್ಚಿನ ಲೆಕ್ಕ

ಸರ್ವೀಸ್ ಅಪಾರ್ಟ್‌ಮೆಂಟಿನವರು ದಿನಕ್ಕೆ 2,000 ರೂಪಾಯಿ ಹೇಳಿದರು ಎಂದುಕೊಳ್ಳಿ. 30 ದಿನಕ್ಕೆ 60,000. ದಿನಕ್ಕೆ 7,500 ರೂಪಾಯಿವರೆಗಿನ ಇಂಥ ವಾಸಕ್ಕೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 5. ಅಂದರೆ ಇನ್ನು 3,000. ಒಟ್ಟು 63,000. "ತೆರಿಗೆ ಸೇರಿ ಎಷ್ಟು?" ಎಂದೇ ಕೇಳಿ. ತಿಂಗಳಿಗೆ ಒಟ್ಟಾಗಿ ಮಾತಾಡಿದರೆ ದರ ಇಳಿಯುವುದುಂಟು, ಸಂಕೋಚ ಬೇಡ.

ಫರ್ನಿಶ್ಡ್ ಫ್ಲ್ಯಾಟಿನಲ್ಲಿ ಕರೆಂಟು ಬಿಲ್ಲಿನ ಕಡೆ ಗಮನವಿರಲಿ. "ಗೃಹಜ್ಯೋತಿಯಲ್ಲಿ 200 ಯೂನಿಟ್ ಉಚಿತವಲ್ಲವೇ?" ಎನ್ನಬಹುದು. ಎಲ್ಲರಿಗೂ 200 ಅಲ್ಲ. ಆ ಮೀಟರಿನ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ಮಿತಿ ಕಟ್ಟಿರುತ್ತಾರೆ. ಮಿತಿ ದಾಟಿದ ಯೂನಿಟ್ಟಿಗೆ ಹಣ ಕೊಡಬೇಕು. 200 ದಾಟಿದರೆ ಪೂರ್ತಿ ಬಿಲ್ಲು ಕೊಡಬೇಕು. ವರ್ಷವಿಡೀ ಬೀಗ ಹಾಕಿದ್ದ ಮನೆಯ ಮಿತಿ ತೀರಾ ಕಡಿಮೆ ಇರುತ್ತದೆ. 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಕಾದರೆ ಒಂದು ಯೂನಿಟ್ ಎಂಬ ಲೆಕ್ಕ ಇಟ್ಟುಕೊಳ್ಳಿ. ಕರೆಂಟು ಹೋದರೆ 1912.

ಎಲ್ಲಿ ಹುಡುಕಬೇಕು?

ಆನ್‌ಲೈನ್ ತಾಣಗಳಿವೆ, ಬ್ರೋಕರುಗಳಿದ್ದಾರೆ. ಬೀದಿಯಲ್ಲಿ ನಡೆದರೆ "ಟು ಲೆಟ್" ಬೋರ್ಡುಗಳೂ ಕಾಣುತ್ತವೆ. ಆಸ್ಪತ್ರೆಗೆ ಬರುವವರು ಆಸ್ಪತ್ರೆಯವರನ್ನೇ ವಿಚಾರಿಸಿ. ಮನೆ ನೋಡುವ ಮೊದಲು ಯಾರಿಗೂ ಹಣ ಕಳಿಸಬೇಡಿ. "ಗೇಟ್ ಪಾಸಿಗೆ ಸ್ವಲ್ಪ ಹಾಕಿ" ಎಂದರೂ ಬೇಡ. ದೂರದಲ್ಲಿದ್ದರೆ ಇಲ್ಲಿನ ನೆಂಟರೊಬ್ಬರನ್ನು ಕಳಿಸಿ, ನಲ್ಲಿ ತಿರುಗಿಸಿ ನೋಡಲು ಹೇಳಿ.

ವಿದೇಶಿ ಪಾಸ್‌ಪೋರ್ಟ್ ಇರುವವರು ಬಂದು ಇಳಿದ 24 ಗಂಟೆಯೊಳಗೆ ಮನೆ ಕೊಟ್ಟವರು ಸರ್ಕಾರಕ್ಕೆ ಆನ್‌ಲೈನ್‌ನಲ್ಲಿ ತಿಳಿಸಬೇಕು. ಓಸಿಐ ಕಾರ್ಡ್ ಇರುವವರೂ ಕಾನೂನಿನ ಕಣ್ಣಿನಲ್ಲಿ ವಿದೇಶಿ ಪೌರರೇ. ಓನರ್ ಪಾಸ್‌ಪೋರ್ಟ್ ನಕಲು ಕೇಳಿದರೆ ಬೇಸರಿಸಬೇಡಿ, ಕೊಡಿ.

ಓಡಾಟ, ಹಾಲು, ತರಕಾರಿ

ಚಿಕ್ಕಲಸಂದ್ರದ ಪಿನ್‌ಕೋಡ್ 560061. ಬನಶಂಕರಿಯಲ್ಲಿ ಮೆಟ್ರೊ ಹಸಿರು ಮಾರ್ಗದ ನಿಲ್ದಾಣವಿದೆ, ಬಿಎಂಟಿಸಿ ಬಸ್ ನಿಲ್ದಾಣವೂ ಇದೆ. "ಶಕ್ತಿ" ಯೋಜನೆಯ ಉಚಿತ ಬಸ್ ಪ್ರಯಾಣ ಕರ್ನಾಟಕದ ಮಹಿಳೆಯರಿಗೆ ಮಾತ್ರ. ಊರಿನಿಂದ ಬರುವ ಅಮ್ಮ ಆಧಾರ್ ಜೊತೆಗಿಟ್ಟುಕೊಂಡರೆ ಸಾಕು.

ಹಾಲಿಗೆ ಬೆಳಿಗ್ಗೆ ನಂದಿನಿ ಬೂತ್. ನೀಲಿ ಪ್ಯಾಕೆಟ್ ಶೇ. 3 ಕೊಬ್ಬಿನ ಟೋನ್ಡ್ ಹಾಲು, ಕಾಫಿಗೂ ಹೆಪ್ಪಿಗೂ ಆಗುತ್ತದೆ. ಹಣ್ಣು ತರಕಾರಿಗೆ ಹಾಪ್‌ಕಾಮ್ಸ್ ಮಳಿಗೆ ಇದೆಯೇ ನೋಡಿ. ತಿಂಗಳಿಗೆಂದು 25 ಕೆ.ಜಿ. ಅಕ್ಕಿ ಚೀಲ ತರಬೇಡಿ. ವಾರಕ್ಕೆ ಬೇಕಾದಷ್ಟೇ ತನ್ನಿ. ತುರ್ತಿಗೆ ಆಂಬುಲೆನ್ಸ್ 108, ಪೊಲೀಸ್ 112. ಎರಡನ್ನೂ ಫ್ರಿಜ್ ಬಾಗಿಲ ಮೇಲೆ ಬರೆದು ಅಂಟಿಸಿ.

ಬಂದ ದಿನವೇ ಮಾಡುವ ಕೆಲಸ

ಚೀಲ ಬಿಚ್ಚುವ ಮೊದಲು ಫೋನ್ ತೆಗೆಯಿರಿ. ಕರೆಂಟು ಮೀಟರಿನ ಅಂಕಿಯ ಫೋಟೊ ತೆಗೆಯಿರಿ. ಗೋಡೆಯ ಕಲೆ, ಬಿರುಕು ಬಿಟ್ಟ ವಾಶ್‌ಬೇಸಿನ್, ಸೋಫಾದ ಹರಕು, ಪಾತ್ರೆಗಳ ಸಾಲು ಎಲ್ಲದರದೂ ತೆಗೆಯಿರಿ. ಆಗಲೇ ಓನರ್‌ಗೆ ಕಳಿಸಿ, "ನೋಡಿದ್ದೇನೆ" ಎಂಬ ಉತ್ತರ ಪಡೆಯಿರಿ. ಮನೆ ಬಿಡುವ ದಿನ ಅದೇ ಜಾಗಗಳ ಫೋಟೊ ಮತ್ತೆ ತೆಗೆದು ಪಕ್ಕದಲ್ಲಿಡಿ. ಯೂನಿಟ್ಟಿನ ಲೆಕ್ಕ ಅಲ್ಲೇ ಆಗುತ್ತದೆ, ಅಡ್ವಾನ್ಸ್ ಮಾತೂ ಅಲ್ಲೇ ಮುಗಿಯುತ್ತದೆ. ಮುಂದಿನ ಡಿಸೆಂಬರಿನಲ್ಲಿ ಮತ್ತೆ ಬರುವುದಿದ್ದರೆ ಅದೇ ಓನರ್‌ಗೆ ಫೋನ್ ಮಾಡಿದರಾಯಿತು.