ಮಿತವ್ಯಯದಲ್ಲಿ ಮನೆಯ ಗಣಕಯಂತ್ರವನ್ನು ಜೋಡಿಸಿಕೊಳ್ಳುವ ಕ್ರಮ

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಮನೆಗಳಲ್ಲಿ ಗಣಕಯಂತ್ರವು ಈಗ ವಿಲಾಸದ ವಸ್ತುವಾಗಿ ಉಳಿದಿಲ್ಲ. ಹೈಸ್ಕೂಲನ್ನು ಮುಗಿಸಿ ಮುಂದಿನ ವ್ಯಾಸಂಗಕ್ಕೆ ಹೋಗುವ ಹುಡುಗಿಯರಿಗೆ ಪಾಠಕ್ಕೂ ಅರ್ಜಿಗಳಿಗೂ ಅದು ಬೇಕು. ಮನೆಯ ಯಜಮಾನರಿಗೆ ಪಹಣಿಯನ್ನು ತೆಗೆದು ನೋಡುವುದಕ್ಕೂ ತೋಟದ ಲೆಕ್ಕವನ್ನು ಬರೆದಿಡುವುದಕ್ಕೂ ಬೇಕು. ಆದರೆ ಅದಕ್ಕೆ ಸಲ್ಲುವ ಹಣವು ಸುಲಭವಾಗಿ ಬರುವಂಥದಲ್ಲ. ಕಾಯನ್ನು ಅಟ್ಟಕ್ಕೆ ಏರಿಸಿ, ತಿಂಗಳುಗಟ್ಟಲೆ ಕಾದು, ಸುಲಿದು, ಒಡೆದು, ತಿಪಟೂರಿನ ಮಾರುಕಟ್ಟೆಗೆ ಸಾಗಿಸಿದ ಮೇಲೆ ಕೈಸೇರುವ ಹಣವದು. ೨೦೨೫ರ ಹಂಗಾಮಿಗೆ ಕೇಂದ್ರ ಸರ್ಕಾರದವರು ಉಂಡೆ ಕೊಬ್ಬರಿಗೆ ನಿಗದಿಮಾಡಿದ ಬೆಂಬಲ ಬೆಲೆಯು ಕ್ವಿಂಟಾಲಿಗೆ ರೂ. ೧೨,೧೦೦. ಆ ದರದಿಂದ ಎಣಿಸಿದರೆ ನಲವತ್ತು ಸಾವಿರ ರೂಪಾಯಿನ ಯಂತ್ರಕ್ಕೆ ಮೂರು ಕ್ವಿಂಟಾಲಿಗೂ ಮಿಕ್ಕ ಕೊಬ್ಬರಿಯನ್ನು ಕೊಟ್ಟಂತಾಗುವುದು. ಇಷ್ಟು ಶ್ರಮದ ಹಣವನ್ನು ಯಾವ ಭಾಗಕ್ಕೆ ಎಷ್ಟು ವೆಚ್ಚಮಾಡಬೇಕು, ಎಲ್ಲಿ ಕೈ ಹಿಡಿಯಬೇಕು, ಎಲ್ಲಿ ಕೈ ಹಿಡಿಯಕೂಡದು ಎಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ತಿಳಿಯಪಡಿಸುವುದೇ ಈ ಲೇಖನದ ಉದ್ದೇಶ.

ಮೇಜಿನ ಮೇಲೆ ಇಟ್ಟು ಬಳಸುವ ಗಣಕಯಂತ್ರವು ಒಂದೇ ವಸ್ತುವಲ್ಲ. ಎಂಟು ಹತ್ತು ಭಾಗಗಳ ಕೂಟ. ಈ ಭಾಗಗಳು ಅಂಗಡಿಗಳಲ್ಲಿ ಬಿಡಿಬಿಡಿಯಾಗಿ ದೊರೆಯುವುವು. ಬೆಸುಗೆಯ ಕೆಲಸವೇನೂ ಇಲ್ಲ. ಒಂದು ಸ್ಕ್ರೂಡ್ರೈವರು, ತಾಳ್ಮೆ, ಅರ್ಧ ದಿನದ ಬಿಡುವು ಇದ್ದರೆ ಸಾಕು. ಹೀಗೆ ಜೋಡಿಸಿದ ಯಂತ್ರದ ದೊಡ್ಡ ಪ್ರಯೋಜನವೇನೆಂದರೆ, ಒಂದು ಭಾಗ ಕೆಟ್ಟರೆ ಅದನ್ನು ಮಾತ್ರ ಬದಲಾಯಿಸಬಹುದು; ಮುಂದೆ ಹಣ ಒದಗಿದಾಗ ಒಂದೊಂದನ್ನೇ ಉತ್ತಮಗೊಳಿಸಬಹುದು. ಇನ್ನೊಂದು ಪ್ರಯೋಜನವನ್ನೂ ಹೇಳಬೇಕು. ಮನೆಯ ಫೋನು ಸಾಮಾನ್ಯವಾಗಿ ತಂದೆಯ ಅಥವಾ ಅಣ್ಣನ ಜೇಬಿನಲ್ಲಿ ಹೊರಗೆ ಹೋಗಿಬಿಡುತ್ತದೆ. ಮೇಜಿನ ಯಂತ್ರವು ಮನೆಯಲ್ಲಿಯೇ ಇರುವುದು. ಸಂಜೆ ಮನೆಗೆಲಸ ತೀರಿದ ಮೇಲೆ ಮಗಳು ಅದರ ಮುಂದೆ ಕುಳಿತು ಓದಬಹುದು. ಆದಕಾರಣ ಈ ಯಂತ್ರದ ಆಯ್ಕೆಯು ಅವಳ ವಿದ್ಯೆಗೆ ಸಂಬಂಧಪಟ್ಟ ವಿಷಯವೇ ಆಗಿದೆ.

ಗೋಪುರವನ್ನು ಕಟ್ಟಬಯಸುವವನು ಮೊದಲು ಕುಳಿತು ಖರ್ಚನ್ನು ಲೆಕ್ಕಿಸಬೇಕೆಂಬ ಸುವಾರ್ತೆಯ ಉಪದೇಶವನ್ನು ನಮ್ಮ ವಿದ್ಯಾರ್ಥಿನಿಯರೆಲ್ಲರೂ ಬಲ್ಲರು. ಇಲ್ಲಿ ಆ ಲೆಕ್ಕವು ಬೆಲೆಪಟ್ಟಿಯಿಂದ ಆರಂಭವಾಗದೆ, ಮಾಡಬೇಕಾದ ಕೆಲಸದಿಂದ ಆರಂಭವಾಗತಕ್ಕದ್ದು. ಓದುವುದು, ಬೆರಳಚ್ಚು, ಪಾಠಗಳನ್ನು ನೋಡುವುದು, ಲೆಕ್ಕಪತ್ರ — ಇವು ಒಂದನೆಯ ವರ್ಗ. ಪ್ರೋಗ್ರಾಮು ಬರೆಯುವುದು, ಚಿತ್ರಗಳನ್ನು ತಿದ್ದುವುದು ಎರಡನೆಯದು. ಭಾರಿ ಆಟಗಳು, ಚಲನಚಿತ್ರಗಳ ಸಂಕಲನ ಮೂರನೆಯದು. ಮೂರನೆಯ ವರ್ಗಕ್ಕೆ ಮಾತ್ರವೇ ಗ್ರಾಫಿಕ್ಸ್ ಕಾರ್ಡ್ ಎಂಬ ದುಬಾರಿ ಭಾಗವು ಪ್ರತ್ಯೇಕವಾಗಿ ಅವಶ್ಯ. ನಮ್ಮ ಮನೆಗಳ ಕೆಲಸವು ಬಹುಮಟ್ಟಿಗೆ ಮೊದಲೆರಡು ವರ್ಗಗಳಿಗೆ ಸೇರಿದುದರಿಂದ, ಅದನ್ನು ಬಿಟ್ಟುಬಿಡುವುದೇ ಮೊದಲನೆಯ ಮತ್ತು ಅತಿ ದೊಡ್ಡ ಉಳಿತಾಯ.

ಇನ್ನು ಭಾಗಗಳನ್ನು ಒಂದೊಂದಾಗಿ ನೋಡೋಣ. ಪ್ರೊಸೆಸರು ಯಂತ್ರದ ಮಿದುಳು. ೨೦೨೨ರಲ್ಲಿ ಹೊರಬಂದ ಇಂಟೆಲ್ ಕೋರ್ ಐ೩-೧೨೧೦೦, ೨೦೨೧ರಲ್ಲಿ ಹೊರಬಂದ ಎ.ಎಂ.ಡಿ. ರೈಜ಼ನ್ ೫ ೫೬೦೦ಜಿ — ಇಂಥವು ಮೇಲೆ ಹೇಳಿದ ಕೆಲಸಗಳಿಗೆ ಧಾರಾಳವಾಗಿ ಸಾಲುವುವು. ಮೊದಲನೆಯದರಲ್ಲಿ ನಾಲ್ಕು, ಎರಡನೆಯದರಲ್ಲಿ ಆರು ಒಳಗಣಕಗಳು, ಅಂದರೆ ಕೋರ್‌ಗಳು, ಇವೆ. ಕೊಳ್ಳುವಾಗ ಹೆಸರಿನ ಕೊನೆಯ ಅಕ್ಷರವನ್ನು ಅವಶ್ಯವಾಗಿ ನೋಡತಕ್ಕದ್ದು. ಇಂಟೆಲಿನ ಹೆಸರಿನ ಕೊನೆಗೆ ‘ಎಫ್’ ಎಂದಿದ್ದರೆ ಅದರಲ್ಲಿ ಚಿತ್ರವನ್ನು ತೋರಿಸುವ ಶಕ್ತಿಯು ಅಡಕವಾಗಿಲ್ಲ. ೫೬೦೦ಜಿ ಎಂಬುದರಲ್ಲಿ ಆ ಶಕ್ತಿಯುಂಟು, ಬರಿಯ ೫೬೦೦ ಎಂಬುದರಲ್ಲಿ ಇಲ್ಲ. ಕೆಲವು ನೂರು ರೂಪಾಯಿ ಕಡಮೆಯೆಂದು ‘ಎಫ್’ ಜಾತಿಯದನ್ನು ತಂದವರು, ಎಲ್ಲವನ್ನೂ ಜೋಡಿಸಿದ ಮೇಲೆ ಕಪ್ಪು ಪರದೆಯನ್ನು ಕಂಡು, ಕೊನೆಗೆ ಸಾವಿರಾರು ರೂಪಾಯಿನ ಗ್ರಾಫಿಕ್ಸ್ ಕಾರ್ಡನ್ನು ಕೊಳ್ಳಬೇಕಾಗುವುದು.

ಮದರ್‌ಬೋರ್ಡು ಎಲ್ಲ ಭಾಗಗಳನ್ನೂ ಹೊತ್ತಿರುವ ಹಲಗೆ. ಪ್ರೊಸೆಸರು ಕೂಡುವ ಪೀಠವನ್ನು ಸಾಕೆಟ್ ಎನ್ನುವರು. ಒಂದು ಸಾಕೆಟ್ಟಿನ ಪ್ರೊಸೆಸರು ಮತ್ತೊಂದರಲ್ಲಿ ಕೂಡದು. ಮೇಲಿನ ಇಂಟೆಲಿಗೆ ಎಲ್.ಜಿ.ಎ. ೧೭೦೦, ರೈಜ಼ನಿಗೆ ಎ.ಎಂ.೪ ಎಂಬ ಸಾಕೆಟ್ಟು ಬೇಕು. ಹಾಗೆಯೇ ಮೆಮೊರಿಯಲ್ಲಿ ಡಿ.ಡಿ.ಆರ್.೪, ಡಿ.ಡಿ.ಆರ್.೫ ಎಂದು ಎರಡು ಜಾತಿಗಳು ಈಗ ಬಳಕೆಯಲ್ಲಿವೆ; ಒಂದರ ತೂತಿನಲ್ಲಿ ಮತ್ತೊಂದು ಸೇರುವುದಿಲ್ಲ. ಎ.ಎಂ.೪ ಹಲಗೆಗೆ ಡಿ.ಡಿ.ಆರ್.೪ ಮಾತ್ರ ಸಲ್ಲುವುದು. ಎಲ್.ಜಿ.ಎ. ೧೭೦೦ರಲ್ಲಿ ಎರಡು ಜಾತಿಯ ಹಲಗೆಗಳೂ ಉಂಟು. ಯಾವುದೆಂದು ಪೆಟ್ಟಿಗೆಯ ಮೇಲೆ ನೋಡಿಯೇ ತೀರಬೇಕು. ಪ್ರೊಸೆಸರು, ಹಲಗೆ, ಮೆಮೊರಿ ಈ ಮೂರನ್ನು ಒಂದೇ ಚೀಟಿಯಲ್ಲಿ ಬರೆದುಕೊಂಡು, ಪರಸ್ಪರ ಹೊಂದಿಕೆಯನ್ನು ಖಚಿತಪಡಿಸಿಕೊಂಡ ಮೇಲೆಯೇ ಹಣವನ್ನು ಕೊಡತಕ್ಕದ್ದು.

ಮೆಮೊರಿಯು ೮ ಜಿ.ಬಿ. ಇದ್ದರೆ ಕೆಲಸ ಸಾಗುವುದು; ೧೬ ಇದ್ದರೆ ಲೇಸು. ೧೬ನ್ನು ಕೊಳ್ಳುವುದಾದರೆ ೮ರ ಎರಡು ಪಟ್ಟಿಗಳನ್ನು ಕೊಳ್ಳುವುದು ಉತ್ತಮ. ಏಕೆಂದರೆ ಎರಡು ದಾರಿಗಳಲ್ಲಿ ಒಟ್ಟಿಗೆ ಮಾಹಿತಿ ಹರಿಯುವುದರಿಂದ ಚಿತ್ರದ ಕೆಲಸವು ಚುರುಕಾಗುವುದು. ೨೦೨೫ರ ಕೊನೆಯ ತಿಂಗಳುಗಳಲ್ಲಿ, ಕೃತಕ ಬುದ್ಧಿಮತ್ತೆಗಾಗಿ ಕಟ್ಟುತ್ತಿರುವ ಮಹಾ ಗಣಕಾಲಯಗಳ ಬೇಡಿಕೆಯಿಂದ ಮೆಮೊರಿಯ ಬೆಲೆಯು ಜಗತ್ತಿನಲ್ಲೆಲ್ಲ ವಿಪರೀತವಾಗಿ ಏರಿತು. ಬೆಲೆ ಮಿತಿಮೀರಿದ್ದ ಕಾಲದಲ್ಲಿ ೮ರ ಒಂದೇ ಪಟ್ಟಿಯನ್ನು ಹಾಕಿ, ಇನ್ನೊಂದು ತೂತನ್ನು ಖಾಲಿ ಬಿಟ್ಟು, ಧಾರಣೆ ಇಳಿದ ಮೇಲೆ ತುಂಬುವುದು ಜಾಣತನ. ಕೊಬ್ಬರಿಯ ಧಾರಣೆಯನ್ನು ನೋಡಿ ಅಟ್ಟವನ್ನು ಖಾಲಿಮಾಡುವ ನಮ್ಮ ಜನಕ್ಕೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಬರೆದುದನ್ನು ಕಾಪಿಡುವುದಕ್ಕೆ ತಿರುಗುವ ಹಾರ್ಡ್ ಡಿಸ್ಕಿಗಿಂತ ಎಸ್.ಎಸ್.ಡಿ.ಯೇ ಶ್ರೇಷ್ಠ. ಅಗ್ಗದ ಸಾಟಾ ಜಾತಿಯ ಎಸ್.ಎಸ್.ಡಿ.ಯೂ ಕ್ಷಣಕ್ಕೆ ಸುಮಾರು ೫೦೦ ಎಂ.ಬಿ.ಯನ್ನು ಓದಬಲ್ಲುದು, ಹಾರ್ಡ್ ಡಿಸ್ಕು ಓದುವುದು ೧೦೦ರಿಂದ ೨೦೦ ಎಂ.ಬಿ. ಮಾತ್ರ. ಹಳೆಯ ಯಂತ್ರವು ಮಂದವಾಯಿತೆಂದು ಬೇಸತ್ತವರು ಈ ಒಂದು ಭಾಗವನ್ನು ಬದಲಾಯಿಸಿದರೆ ಹೊಸ ಯಂತ್ರದ ವೆಚ್ಚವೇ ಎಷ್ಟೋ ವೇಳೆ ತಪ್ಪುವುದು.

ಈಗ ಈ ಲೇಖನದ ಮುಖ್ಯ ವಿಷಯಕ್ಕೆ ಬರುತ್ತೇವೆ. ಗೋಡೆಯ ೨೩೦ ವೋಲ್ಟಿನ ವಿದ್ಯುತ್ತನ್ನು ೧೨, ೫ ಮುಂತಾದ ಸಣ್ಣ ವೋಲ್ಟುಗಳಿಗೆ ಇಳಿಸಿ ಎಲ್ಲ ಭಾಗಗಳಿಗೂ ಹಂಚುವ ಪೆಟ್ಟಿಗೆಯನ್ನು ಎಸ್.ಎಂ.ಪಿ.ಎಸ್. ಎನ್ನುವರು. ಇದು ಕ್ಯಾಬಿನೆಟ್ಟಿನೊಳಗೆ ಅಡಗಿರುವುದರಿಂದ ಯಾರ ಕಣ್ಣಿಗೂ ಬೀಳದು; ಯಂತ್ರದ ವೇಗವನ್ನೂ ಹೆಚ್ಚಿಸದು. ಆದುದರಿಂದ ಅಗ್ಗಮಾಡಬೇಕೆನ್ನುವವರೆಲ್ಲ ಮೊದಲು ಇದರಲ್ಲಿಯೇ ಅಗ್ಗಮಾಡುವರು. ಕ್ಯಾಬಿನೆಟ್ಟಿನೊಡನೆ ‘ಉಚಿತ’ವಾಗಿ ಬರುವ ಹಗುರವಾದ ಪೆಟ್ಟಿಗೆಯ ಮೇಲೆ ೪೫೦ ವ್ಯಾಟ್ ಎಂದು ಅಚ್ಚಾಗಿದ್ದರೂ ಅಷ್ಟನ್ನು ಅದು ನಿಜವಾಗಿ ಕೊಡಬಲ್ಲುದೆಂಬ ಭರವಸೆಯಿಲ್ಲ, ವೋಲ್ಟೇಜು ಮಿತಿಮೀರಿದಾಗ ತಾನೇ ನಿಂತುಹೋಗುವ ರಕ್ಷಣೆಯೂ ಅದರಲ್ಲಿ ಇಲ್ಲದಿರಬಹುದು. ನಮ್ಮ ತೋಟದ ಸೀಮೆಯಲ್ಲಿ ಪಂಪುಸೆಟ್ಟುಗಳು ಒಟ್ಟಿಗೆ ನಡೆಯುವಾಗ ವೋಲ್ಟೇಜು ಕುಗ್ಗುವುದು, ಅವು ನಿಂತೊಡನೆ ಏರುವುದು. ಮುಂಗಾರಿಗೆ ಮುಂಚಿನ ಗುಡುಗುಮಳೆಯಲ್ಲಿ ದೀಪವು ಹೋಗಿ ಬಂದು ಮಾಡುವುದು. ಈ ಪೆಟ್ಟುಗಳೆಲ್ಲವೂ ಮೊದಲು ಬೀಳುವುದು ಈ ಪೆಟ್ಟಿಗೆಯ ಮೇಲೆ. ಒಳ್ಳೆಯದಾದರೆ ಅದು ತಾನು ಕೆಟ್ಟರೂ ಉಳಿದವನ್ನು ಕಾಪಾಡುವುದು. ಕಳಪೆಯಾದರೆ ಸಾಯುವಾಗ ಹಲಗೆಯನ್ನೂ ಎಸ್.ಎಸ್.ಡಿ.ಯನ್ನೂ, ಅದರಲ್ಲಿರುವ ಮಗಳ ವರ್ಷದ ಬರಹವನ್ನೂ ಜೊತೆಗೆ ಒಯ್ಯಬಹುದು. ಸಿಪ್ಪೆಯ ಹೊಳಪನ್ನು ನೋಡಿ ಕೊಬ್ಬರಿಗೆ ಬೆಲೆ ಕಟ್ಟುವವರು ನಮ್ಮಲ್ಲಿ ಯಾರೂ ಇಲ್ಲ. ಒಳಗಿನ ಬಟ್ಟಲನ್ನು ನೋಡಿಯೇ ಕಟ್ಟುವರು. ಇಲ್ಲಿಯೂ ಅದೇ ವಿವೇಕವು ಬೇಕು.

ಒಳ್ಳೆಯದನ್ನು ಗುರುತಿಸುವುದು ಹೇಗೆಂದರೆ: ೨೦೦೪ರಲ್ಲಿ ಆರಂಭವಾದ ‘೮೦ ಪ್ಲಸ್’ ಎಂಬ ಪರೀಕ್ಷಾಕ್ರಮದ ‘ಬ್ರಾಂಜ಼್’ ಮುದ್ರೆಯಿರುವುದು ಅರ್ಧ ಭಾರದಲ್ಲಿ ತಾನು ಎಳೆದ ವಿದ್ಯುತ್ತಿನ ಶೇಕಡ ೮೫ ಭಾಗವನ್ನಾದರೂ ಉಪಯೋಗಕ್ಕೆ ಕೊಡತಕ್ಕದ್ದು. ಅದರೊಡನೆ ಹೆಸರಾಂತ ತಯಾರಕರ ಮೂರು ವರ್ಷಕ್ಕೆ ಕಡಮೆಯಿಲ್ಲದ ವಾರಂಟಿಯೂ ಇರಲಿ. ಗ್ರಾಫಿಕ್ಸ್ ಕಾರ್ಡಿಲ್ಲದ ಇಂಥ ಯಂತ್ರವು ೧೫೦ ವ್ಯಾಟನ್ನು ಮೀರುವುದು ಅಪೂರ್ವ. ಆದುದರಿಂದ ೪೫೦ ವ್ಯಾಟಿನ ಪ್ರಾಮಾಣಿಕವಾದ ಪೆಟ್ಟಿಗೆಯೇ ಸಾಕು. ದೊಡ್ಡ ಅಂಕೆಗೆ ಮರುಳಾಗಬೇಕಾದುದಿಲ್ಲ.

ಇದರ ಬೆನ್ನಿಗೆ ೬೦೦ ವಿ.ಎ. ಯುಪಿಎಸ್ಸೊಂದು ಇರಬೇಕು. ದೀಪ ಹೋದಾಗ ಹತ್ತು ಹದಿನೈದು ನಿಮಿಷ ಅದು ನಡೆಸಿಕೊಡುವುದು. ಬರೆದುದನ್ನು ಉಳಿಸಿ ಯಂತ್ರವನ್ನು ನಿಲ್ಲಿಸುವುದಕ್ಕೆ ಅಷ್ಟು ಸಾಕು. ಮನೆಯ ದೀಪಗಳ ಇನ್ವರ್ಟರಿಗೆ ಯಂತ್ರವನ್ನು ಸೇರಿಸಿದರೆ, ವಿದ್ಯುತ್ತು ಬದಲಾಗುವ ಕ್ಷಣದಲ್ಲಿ ಅದು ನಿಂತುಬಿಡುವ ಸಂಭವವುಂಟು. ಮೂರು ಕಡ್ಡಿಯ ಪ್ಲಗ್ಗಿಗೆ ನಿಜವಾದ ಅರ್ತಿಂಗ್ ಇದೆಯೇ ಎಂದು ವಿದ್ಯುತ್ ಕೆಲಸದವರಿಂದ ಪರೀಕ್ಷೆಮಾಡಿಸಿ, ಬೇಸಗೆಯಲ್ಲಿ ಅರ್ತಿಂಗ್ ಗುಂಡಿಗೆ ನೀರನ್ನು ಹಾಕತಕ್ಕದ್ದು. ಸಿಡಿಲು ಹೊಡೆಯುವಾಗ ಯಾವ ಯುಪಿಎಸ್ಸನ್ನೂ ನಂಬದೆ ಪ್ಲಗ್ಗನ್ನು ಕಿತ್ತಿಡುವುದೇ ಕ್ಷೇಮ. ಕ್ಯಾಬಿನೆಟ್ಟನ್ನು ನೆಲದ ಮೇಲೆ ಇಡಬಾರದು. ಮಣ್ಣಿನ ಧೂಳೂ ತೆಂಗಿನ ನಾರಿನ ಪುಡಿಯೂ ಫ್ಯಾನಿಗೆ ಸೇರಿ ಯಂತ್ರವು ಬಿಸಿಯಾಗುವುದು. ಮೂರು ತಿಂಗಳಿಗೊಮ್ಮೆ ಮೃದುವಾದ ಕುಂಚದಿಂದ ಧೂಳು ತೆಗೆಯಬೇಕು.

ಹಣದ ಹಂಚಿಕೆಗೆ ಒಂದು ಸ್ಥೂಲವಾದ ಕ್ರಮವನ್ನು ಸೂಚಿಸುತ್ತೇವೆ. ಒಟ್ಟು ನೂರು ರೂಪಾಯಿ ಎಂದಿಟ್ಟುಕೊಂಡರೆ ಪ್ರೊಸೆಸರಿಗೆ ೨೦, ಮದರ್‌ಬೋರ್ಡಿಗೆ ೧೫, ಮೆಮೊರಿಗೆ ೧೫, ಎಸ್.ಎಸ್.ಡಿ.ಗೆ ೧೦, ಎಸ್.ಎಂ.ಪಿ.ಎಸ್.ಗೆ ೮, ಕ್ಯಾಬಿನೆಟ್ಟಿಗೆ ೬, ಮಾನಿಟರಿಗೆ ೧೭, ಕೀಲಿಮಣೆಗೂ ಮೌಸಿಗೂ ೩, ಯುಪಿಎಸ್ಸಿಗೆ ೬. ಮಾರುಕಟ್ಟೆಯ ಧಾರಣೆಯಂತೆ ಇವು ಸ್ವಲ್ಪ ಹೆಚ್ಚು ಕಡಮೆಯಾಗಬಹುದು. ಹಣ ಸಾಲದಿದ್ದರೆ ಪ್ರೊಸೆಸರಿನಲ್ಲಿಯೋ ಕ್ಯಾಬಿನೆಟ್ಟಿನ ಅಲಂಕಾರದಲ್ಲಿಯೋ ಕಡಮೆಮಾಡಬಹುದು, ಎಸ್.ಎಂ.ಪಿ.ಎಸ್.ನಲ್ಲಿ ಸರ್ವಥಾ ಕೂಡದು.

ಬಳಸಿದ ಭಾಗಗಳನ್ನು ಕೊಳ್ಳಬಹುದೇ ಎಂದು ಅನೇಕರು ಕೇಳುವರು. ಮಾನಿಟರು, ಕ್ಯಾಬಿನೆಟ್ಟು, ಕೀಲಿಮಣೆ ಇವುಗಳನ್ನು ಪರೀಕ್ಷಿಸಿ ಕೊಳ್ಳಬಹುದು. ಎಸ್.ಎಂ.ಪಿ.ಎಸ್., ಎಸ್.ಎಸ್.ಡಿ. ಈ ಎರಡು ಹೊಸವೇ ಆಗಿರಲಿ. ಇವುಗಳ ಸವೆತವು ಹೊರಗೆ ಕಾಣದು. ಕಚೇರಿಗಳಿಂದ ಹೊರಬಂದ ಹಳೆಯ ಯಂತ್ರಗಳನ್ನು ಕೊಳ್ಳುವವರು ಒಂದು ತಾರೀಖನ್ನು ನೆನಪಿಡಬೇಕು. ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟಿನವರ ಸಾಮಾನ್ಯ ಬೆಂಬಲವು ೨೦೨೫ನೆಯ ಅಕ್ಟೋಬರ್ ೧೪ಕ್ಕೆ ಮುಗಿಯಿತು. ವಿಂಡೋಸ್ ೧೧ ನಿಯಮದಂತೆ ನಡೆಯಬೇಕಾದರೆ ಇಂಟೆಲಿನಲ್ಲಿ ಎಂಟನೆಯ ಪೀಳಿಗೆಯ ಅಥವಾ ಅದಕ್ಕೂ ಈಚಿನ ಪ್ರೊಸೆಸರು ಬೇಕು. ಆದುದರಿಂದ ‘ಐ೫’, ‘ಐ೭’ ಎಂಬ ಹೆಸರನ್ನು ಮಾತ್ರ ಕೇಳಿ ತೃಪ್ತರಾಗದೆ, ಯಾವ ಪೀಳಿಗೆಯದೆಂದು ವಿಚಾರಿಸತಕ್ಕದ್ದು.

ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆ, ಜನರ ಬಾಯಲ್ಲಿ ಎಸ್.ಪಿ. ರೋಡು, ಈ ಸಾಮಾನುಗಳ ಪ್ರಸಿದ್ಧ ಪೇಟೆ. ನಾಲ್ಕಾರು ಅಂಗಡಿಗಳಲ್ಲಿ ಧಾರಣೆಯನ್ನು ಕೇಳಿ ಹೋಲಿಸುವುದಕ್ಕೆ ಅಲ್ಲಿ ಅನುಕೂಲವುಂಟು. ಆದರೆ ಕೆಟ್ಟ ಭಾಗವನ್ನು ಹಿಂದಿರುಗಿಸುವುದಕ್ಕೆ ತಿಪಟೂರಿನಿಂದ ಮತ್ತೆ ರೈಲು ಹತ್ತಬೇಕಾಗುವುದು. ಆ ದಿನದ ಕೆಲಸವನ್ನೂ ಪ್ರಯಾಣದ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿದರೆ, ಊರಿನ ಅಂಗಡಿಯವರು ಕೇಳುವ ಸ್ವಲ್ಪ ಹೆಚ್ಚಿನ ಬೆಲೆಯು ಕೆಲವು ವೇಳೆ ನ್ಯಾಯವೆಂದೇ ತೋರುವುದು. ಎಲ್ಲಿ ಕೊಂಡರೂ ಜಿ.ಎಸ್.ಟಿ. ಬಿಲ್ಲನ್ನು ಪಡೆದು, ಭಾಗದ ಕ್ರಮಸಂಖ್ಯೆಯು ಅದರಲ್ಲಿ ಬರೆದಿದೆಯೇ ಎಂದು ನೋಡಬೇಕು. ಬಿಲ್ಲಿಲ್ಲದ ಅಗ್ಗದ ಸಾಮಾನಿಗೆ ವಾರಂಟಿಯನ್ನು ಕೇಳುವುದು ಕಷ್ಟ.

ತಂತ್ರಾಂಶಕ್ಕೆ ಹಣ ಕೊಡಲೇಬೇಕೆಂಬ ನಿಯಮವೂ ಇಲ್ಲ. ಉಬುಂಟು ಮುಂತಾದ ಲಿನಕ್ಸ್ ವ್ಯವಸ್ಥೆಗಳೂ ಲಿಬ್ರೆ ಆಫೀಸೂ ಧರ್ಮಾರ್ಥವಾಗಿ ದೊರೆಯುವುವು. ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸವು ಲಿನಕ್ಸಿನಲ್ಲಿ ಅಡಕವಾಗಿಯೇ ಇದೆ. ವಿಂಡೋಸಿನವರಿಗೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಉಂಟು. ಕಳ್ಳ ಪ್ರತಿಯನ್ನು ಹಾಕಿಕೊಡುತ್ತೇವೆನ್ನುವವರ ಮಾತನ್ನು ಒಪ್ಪಬಾರದು. ಅದು ಅನ್ಯಾಯವೂ ಹೌದು, ಅದರೊಡನೆ ವೈರಸ್ಸುಗಳು ಬರುವುದೂ ಉಂಟು.

ಕೊನೆಯದಾಗಿ ಒಂದು ಮಾತು. ಭಾಗಗಳೆಲ್ಲ ಮನೆಗೆ ಬಂದ ದಿನ ಜೋಡಿಸುವ ಕೆಲಸವನ್ನು ಹೆಣ್ಣುಮಕ್ಕಳ ಕೈಗೇ ಕೊಡಿರಿ. ಮೊದಲು ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಲಿ, ಪ್ರೊಸೆಸರನ್ನು ಗುರುತಿಗೆ ಗುರುತು ಸೇರಿಸಿ ಒತ್ತದೆ ಇಡಲಿ, ಎ.ಎಂ.೪ ಜಾತಿಯದರ ಅಡಿಯಲ್ಲಿಯೂ, ಎಲ್.ಜಿ.ಎ. ೧೭೦೦ ಜಾತಿಯ ಹಲಗೆಯ ಮೇಲೂ ಇರುವ ಸೂಕ್ಷ್ಮವಾದ ಸೂಜಿಗಳನ್ನು ಬೆರಳಿನಿಂದ ಮುಟ್ಟದಿರಲಿ. ತಂದೆತಾಯಿಗಳು ಬಳಿಯಲ್ಲಿ ಕುಳಿತು ದೀಪ ಹಿಡಿದರೆ ಸಾಕು. ತಾನೇ ಕೂಡಿಸಿದುದನ್ನು ತಾನೇ ಬಿಚ್ಚಿ ಸರಿಪಡಿಸಬಲ್ಲೆನೆಂಬ ಧೈರ್ಯವು ಅವಳಿಗೆ ಒಮ್ಮೆ ಬಂದರೆ, ಆ ಯಂತ್ರವು ಹಳತಾಗಿ ಹೋದ ಮೇಲೂ ಆ ಧೈರ್ಯವು ಉಳಿಯುವುದು. ದೇವರು ನಮ್ಮ ಕೈಗೆ ಒಪ್ಪಿಸಿದ ಹಣವನ್ನೂ ಮಕ್ಕಳ ಬುದ್ಧಿಯನ್ನೂ ವ್ಯರ್ಥಮಾಡದೆ ನಂಬಿಗಸ್ತರಾಗಿ ನಡೆಸುವುದೇ ನಮ್ಮ ಶಾಲೆಯು ಕಲಿಸಿದ ಮನೆವಾರ್ತೆಯಲ್ಲವೇ!