ಅತ್ತೆಯ ಮಾತ್ರೆ ಎಲ್ಲಿದೆ ಅಂತ ನಿಮ್ಮೆಜಮಾನ್ರಿಗೆ ಗೊತ್ತಾ?

ಒಂದು ಸಣ್ಣ ಪರೀಕ್ಷೆ ಮಾಡೋಣ್ವಾ? ಇವತ್ತು ಸಂಜೆ ನಿಮ್ಮೆಜಮಾನ್ರು ಕಾಫಿ ಕುಡೀತಾ ಕೂತಿರುವಾಗ ಸುಮ್ಮನೆ ಕೇಳಿ ನೋಡಿ. 'ರೀ, ಅತ್ತೆಯ ಬಿ.ಪಿ. ಮಾತ್ರೆ ಹೆಸರೇನು? ಮನೆಯ ಮೇನ್ ಸ್ವಿಚ್ ಯಾವುದು? ಗ್ಯಾಸ್ ಪುಸ್ತಕ ಎಲ್ಲಿಟ್ಟಿದ್ದೀವಿ? ಮಗನ ಬರ್ತ್ ಸರ್ಟಿಫಿಕೇಟ್ ಯಾವ ಫೈಲಿನಲ್ಲಿದೆ?' ನಾಲ್ಕರಲ್ಲಿ ಎರಡಕ್ಕೆ ಸರಿಯಾದ ಉತ್ತರ ಬಂದರೆ ನೀವು ಪುಣ್ಯವಂತೆ. ನಮ್ಮನೆಯಲ್ಲಿ ಬಂದದ್ದು ಒಂದೇ ಉತ್ತರ: 'ಅದೆಲ್ಲ ನಿನ್ನನ್ನೇ ಕೇಳಬೇಕು ಕಣೇ!'

ಹಿಂದೆಲ್ಲ ನನಗೆ ಈ ಮಾತು ಕೇಳಿದರೆ ಒಳಗೊಳಗೇ ಹೆಮ್ಮೆ. ನಾನಿಲ್ಲದೆ ಈ ಮನೆಯಲ್ಲಿ ಒಂದು ಕಡ್ಡಿಯೂ ಅಲ್ಲಾಡಲ್ಲ ಅಂತ ತವರಿನಲ್ಲಿ ಹೇಳಿಕೊಂಡೂ ಬಂದಿದ್ದೆ. ಆ ಹೆಮ್ಮೆ ಇಳಿದದ್ದು 2021ರ ನವೆಂಬರ್ 21ರ ಭಾನುವಾರ ರಾತ್ರಿ.

ಆಗ ನಾವಿದ್ದದ್ದು ಯಲಹಂಕದಲ್ಲಿ, ನೆಲಮಟ್ಟದ ಬಾಡಿಗೆ ಮನೆ. ತಮ್ಮನ ಮದುವೆ ಮಾತುಕತೆಗೆಂದು ನಾನು ತಿಪಟೂರಿಗೆ ಹೋಗಿದ್ದೆ. ಮನೆಯಲ್ಲಿ ಯಜಮಾನ್ರು, ಎಂಟು ವರ್ಷದ ಮಗ, ಸಕ್ಕರೆ ಕಾಯಿಲೆಯ ಅತ್ತೆ. ರಾತ್ರಿಯಿಡೀ ಮಳೆ. ಯಲಹಂಕ ಕೆರೆ ತುಂಬಿ ಹರಿಯಿತು. ಬೆಳಗಿನ ಜಾವ ಅತ್ತೆ ಬಚ್ಚಲಿಗೆಂದು ಮಂಚದಿಂದ ಕಾಲಿಳಿಸಿದರೆ ನೀರು! ನಮ್ಮನೆಯಲ್ಲಿ ಮೊಣಕಾಲುದ್ದಕ್ಕೆ ನಿಂತಿತು. ಯಲಹಂಕದ್ದೇ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿನಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಅಲ್ಲಿಯ ಜನರನ್ನು ದೋಣಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಹೊರಗೆ ಕರೆತಂದದ್ದನ್ನು ನೀವೂ ಟಿ.ವಿ.ಯಲ್ಲಿ ನೋಡಿರ್ತೀರಿ.

ನಮ್ಮ ಯಜಮಾನ್ರು ಅಮ್ಮನನ್ನೂ ಮಗನನ್ನೂ ಮೇಲಿನ ಮನೆಯವರ ಹತ್ತಿರ ಬಿಟ್ಟು ಔಷಧಿ ತರೋಕೆ ಕೆಳಗಿಳಿದರು. ಡಾಕ್ಟರ ಚೀಟಿ ಬೀರುವಿನ ಕೆಳಗಿನ ಖಾನೆಯಲ್ಲಿತ್ತು, ನೆಂದು ಮುದ್ದೆಯಾಗಿತ್ತು. ಇನ್ಸುಲಿನ್ ಫ್ರಿಜ್ಜಿನ ಬಾಗಿಲಲ್ಲಿ ಇರುತ್ತೆ ಅಂತ ಅವರಿಗೆ ಗೊತ್ತೇ ಇರಲಿಲ್ಲ. ಮಾತ್ರೆ ಡಬ್ಬಿ ಸಿಕ್ಕಿತು, ಆದರೆ ಬೆಳಿಗ್ಗೆ ಯಾವುದು, ರಾತ್ರಿ ಯಾವುದು? ಅತ್ತೆಗೆ ಬಿಳೀದು, ಗುಲಾಬಿ ಬಣ್ಣದ್ದು ಅನ್ನೋದಷ್ಟೇ ಗೊತ್ತು. ನನ್ನನ್ನು ಕೇಳೋಣ ಅಂದರೆ ಮೊಬೈಲಿನಲ್ಲಿ ಚಾರ್ಜ್ ಇಲ್ಲ, ನನ್ನ ನಂಬರು ಅವರಿಗೆ ಬಾಯಿಪಾಠ ಇಲ್ಲ! ಕೊನೆಗೆ ಅದನ್ನು ಹೇಳಿದ್ದು ಮಗ. ಶಾಲೆಗೆ ಸೇರಿಸುವಾಗ ನಾನೇ ಹಾಡಿನ ಥರ ಕಲಿಸಿದ್ದೆ. ಮೇಲಿನ ಮನೆಯವರ ಫೋನಿನಿಂದ ಕರೆ ಬಂತು. ನಾನೋ, ಗೊತ್ತಿಲ್ಲದ ನಂಬರ್ ಅಂತ ಎರಡು ಸಲ ಎತ್ತಲೇ ಇಲ್ಲ!

ಅತ್ತೆಗೆ ಏನೂ ಆಗಲಿಲ್ಲ, ದೇವರು ದೊಡ್ಡೋನು. ಆದರೆ ಮಧ್ಯಾಹ್ನದವರೆಗೆ ಇನ್ಸುಲಿನ್ ಇಲ್ಲದೆ ಕೂತಿದ್ದರು. ತಪ್ಪು ಅವರದಲ್ಲ, ಯಜಮಾನ್ರದೂ ಅಲ್ಲ. ಇಡೀ ಮನೆಯನ್ನು ನನ್ನ ತಲೆಯೊಳಗೆ ಇಟ್ಟುಕೊಂಡು ಬಸ್ ಹತ್ತಿದ್ದು ನಾನು.

ಮತ್ತೆ ಬರಲ್ಲ ಅಂತೀರಾ?

ಮೂರು ವರ್ಷ ತುಂಬುವುದರೊಳಗೆ, 2024ರ ಅಕ್ಟೋಬರಿನಲ್ಲಿ, ಕೇಂದ್ರೀಯ ವಿಹಾರಕ್ಕೆ ಮತ್ತೆ ನೀರು, ಮತ್ತೆ ದೋಣಿ. ಅದೇ ತಿಂಗಳು ಹೆಬ್ಬಾಳದ ಕಡೆ ಮಾನ್ಯತಾ ಟೆಕ್ ಪಾರ್ಕಿನಲ್ಲೂ ನೀರು ನಿಂತಿತ್ತು. ಹಳ್ಳಿ ಕಡೆಯವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಕೆರೆ ಏರಿಯ ಕೆಳಗಿನ ಜಾಗ ಅಂದರೆ ಗದ್ದೆಯ ಅಚ್ಚುಕಟ್ಟು, ನೀರು ಹರಿಯೋ ದಾರಿ. ಒಂದು ಕೆರೆ ಕೋಡಿ ಬಿದ್ದರೆ ರಾಜಕಾಲುವೆಯಲ್ಲಿ ಮುಂದಿನ ಕೆರೆಗೆ ಹೋಗಬೇಕು. ಯಲಹಂಕದಿಂದ ಅಳ್ಳಾಳಸಂದ್ರ, ಅಲ್ಲಿಂದ ಜಕ್ಕೂರು. ನಡುವೆ ನಾವು ಮನೆ ಕಟ್ಟಿಕೊಂಡು ಕೂತಿದ್ದೀವಿ. ನಮ್ಮೂರಲ್ಲಿ ಕೆರೆ ಕೋಡಿ ಬಿದ್ದರೆ ಬಾಗಿನ ಬಿಡೋ ಸಂಭ್ರಮ, ಇಲ್ಲಿ ಸೋಫಾ ಎತ್ತಿ ಮೇಜಿನ ಮೇಲಿಡೋ ಗಡಿಬಿಡಿ!

ನಾವೀಗ ಮೊದಲನೇ ಮಹಡಿಗೆ ಬಂದಿದ್ದೀವಿ. ಹಾಗಂತ ನಿಶ್ಚಿಂತೆ ಇಲ್ಲ. ಗ್ಯಾಸ್ ಸೋರೋಕೆ, ಶಾರ್ಟ್ ಸರ್ಕ್ಯೂಟ್ ಆಗೋಕೆ ಮಹಡಿ ಯಾವುದಾದರೇನು?

ಮೊದಲು ಒಂದು ಹಾಳೆ

ಅಂಗಡಿಗೆ ಓಡಿ ಏನೇನೋ ಕೊಳ್ಳೋದು ಆಮೇಲೆ. ಮೊದಲು ಮಗನ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದುಕೊಳ್ಳಿ. ಮನೆಯ ಪ್ರತಿಯೊಬ್ಬರ ಹೆಸರು, ರಕ್ತದ ಗುಂಪು, ಯಾವ ಔಷಧಿ ಒಗ್ಗಲ್ಲ, ದಿನಾ ತಗೊಳ್ಳೋ ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ಎಲ್ಲಾ ಬರೀರಿ. 'ಬಿಳಿ ಮಾತ್ರೆ' ಅಂತ ಬರೆಯಬೇಡಿ, ಕಂಪನಿ ಬದಲಾದರೆ ಬಣ್ಣವೂ ಬದಲಾಗುತ್ತೆ. ಅದರ ಕೆಳಗೆ ನಿಮ್ಮ ಡಾಕ್ಟರ ನಂಬರು, ಮನೆಯವರೆಲ್ಲರ ನಂಬರು, ಪಕ್ಕದ ಮನೆಯವರದು, ಮಗನ ಶಾಲೆಯದು. ನಂತರ ತುರ್ತು ಸಂಖ್ಯೆಗಳು: ಪೊಲೀಸ್, ಬೆಂಕಿ, ಆಂಬುಲೆನ್ಸ್ ಎಲ್ಲಕ್ಕೂ 112. ಆಂಬುಲೆನ್ಸಿಗೆ 108 ಕೂಡ ಇದೆ. ಗ್ಯಾಸ್ ಸೋರಿದರೆ 1906. ಕರೆಂಟಿನ ತೊಂದರೆಗೆ ಬೆಸ್ಕಾಂನ 1912. ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರಿನಲ್ಲಿ ಐದು ನಗರಪಾಲಿಕೆಗಳಾದವಲ್ಲ, ಹಾಗಾಗಿ ವಾರ್ಡ್ ಎಂಜಿನಿಯರ ಹಳೇ ನಂಬರನ್ನು ನಂಬಿ ಕೂರಬೇಡಿ, ಹೊಸದಾಗಿ ವಿಚಾರಿಸಿ ಬರೆದುಕೊಳ್ಳಿ.

ನಿಮ್ಮ ಮನೆ ವಿಳಾಸವನ್ನೂ ಆ ಹಾಳೆಯಲ್ಲಿ ಬರೀಬೇಕು. ನಗಬೇಡಿ! ಆರ್.ಟಿ. ನಗರದಲ್ಲಿ ಯಾವ ಮೇನು, ಯಾವ ಕ್ರಾಸು, ಯಾವ ಬ್ಲಾಕು ಅಂತ ಗಾಬರಿಯಲ್ಲಿ ಹೇಳೋಕೆ ಹೋದರೆ ಆಂಬುಲೆನ್ಸ್ ಮೂರು ಸುತ್ತು ಹಾಕುತ್ತೆ. ಹತ್ತಿರದ ದೇವಸ್ಥಾನವೋ ಶಾಲೆಯೋ, ಒಂದು ಗುರುತೂ ಇರಲಿ. ಈ ಹಾಳೆಯ ಒಂದು ಪ್ರತಿ ಅಡುಗೆಮನೆ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿ, ಒಂದು ಯಜಮಾನ್ರ ಪರ್ಸಿಗೆ, ಇನ್ನೊಂದು ನಿಮ್ಮ ತವರಿಗೆ. ತವರಿಗೆ ಯಾಕೆ ಅಂದರೆ, ಮಳೆಯಲ್ಲಿ ನೀವು ಹೆಬ್ಬಾಳ ಫ್ಲೈಓವರ್ ಮೇಲೆ, ಅವರು ಯಶವಂತಪುರದಲ್ಲಿ, ಮಗ ಸ್ಕೂಲ್ ಬಸ್ಸಿನಲ್ಲಿ ಸಿಕ್ಕಿಹಾಕಿಕೊಂಡು ಒಬ್ಬರಿಗೊಬ್ಬರಿಗೆ ಫೋನ್ ಸಿಗದಿದ್ದರೆ ಎಲ್ಲರೂ ಬೇರೆ ಊರಿನ ಒಂದೇ ನಂಬರಿಗೆ ಸುದ್ದಿ ಮುಟ್ಟಿಸಬಹುದು. ನಮ್ಮಲ್ಲಿ ಆ ಕೆಲಸ ತಿಪಟೂರಿನ ಅಮ್ಮನದು. ಮನೆಗೆ ಹೋಗೋಕೇ ಆಗದಿದ್ದರೆ ಎಲ್ಲರೂ ಮತ್ತೀಕೆರೆಯ ಅಕ್ಕನ ಮನೆಗೆ ಬರೋದು ಅಂತಲೂ ಮಾತಾಗಿದೆ.

ಬಾಗಿಲ ಹಿಂದೊಂದು ಚೀಲ

ಆಮೇಲೆ ಚೀಲ. ಹೊಸದೇ ಬೇಕಿಲ್ಲ, ಮಗನ ಹಳೇ ಸ್ಕೂಲ್ ಬ್ಯಾಗ್ ಸಾಕು. ಬೆನ್ನಿಗೆ ಹಾಕಿಕೊಂಡರೆ ಕೈ ಎರಡೂ ಖಾಲಿ, ಅತ್ತೆಯ ಕೈ ಹಿಡಿಯಬಹುದು, ಮಗುವನ್ನು ಎತ್ತಿಕೊಳ್ಳಬಹುದು. ಅದರಲ್ಲಿ ಒಂದು ವಾರದ ಮಾತ್ರೆ, ಟಾರ್ಚು, ಬೇರೆ ಸೆಲ್ಲು, ಚಾರ್ಜ್ ಆಗಿರುವ ಪವರ್ ಬ್ಯಾಂಕು, ಒಂದೊಂದು ಜೊತೆ ಬಟ್ಟೆ, ಸ್ಯಾನಿಟರಿ ಪ್ಯಾಡು, ಬಿಸ್ಕತ್ತು, ನೀರಿನ ಬಾಟಲಿ. ಮನೆಯಲ್ಲಿ ಕನ್ನಡಕ ಹಾಕುವವರಿದ್ದರೆ ಹಳೆಯದೊಂದು ಕನ್ನಡಕ. ಒಂದಷ್ಟು ನೂರು, ಐವತ್ತರ ನೋಟು ಇರಲೇಬೇಕು. ಫೋನ್ ಸತ್ತರೆ ಯುಪಿಐ ಎಲ್ಲಿಂದ ಮಾಡ್ತೀರಿ? ಆಟೋದವನು ಸಾಲ ಕೊಡಲ್ಲ.

ಕಾಗದಪತ್ರಗಳ ಮೂಲ ಪ್ರತಿಗಳು ಬೀರುವಿನ ಮೇಲಿನ ಖಾನೆಯಲ್ಲಿರಲಿ, ಜಿಪ್ ಇರುವ ಪ್ಲಾಸ್ಟಿಕ್ ಕವರಿನೊಳಗೆ. ಆಧಾರ್, ಇನ್ಶೂರೆನ್ಸ್, ಮನೆ ಕರಾರು ಇವುಗಳ ಜೆರಾಕ್ಸ್ ಚೀಲದಲ್ಲಿ. ಡಿಜಿಲಾಕರಿನಲ್ಲಿ ಹಾಕಿಡುವುದೂ ಒಳ್ಳೇದೇ, ಆದರೆ ಅದರ ಪಿನ್ ನಿಮ್ಮೊಬ್ಬರಿಗೇ ಗೊತ್ತಿದ್ದರೆ ಮತ್ತೆ ಹಳೇ ಕತೆಯೇ!

ಇನ್ಸುಲಿನ್ ಬಗ್ಗೆ ಎರಡು ಮಾತು ಹೆಚ್ಚು ಹೇಳ್ತೀನಿ, ನಮಗೆ ಬಿಸಿ ಮುಟ್ಟಿದ್ದು ಅಲ್ಲೇ ತಾನೇ? ಕರೆಂಟು ಹೋದ ಕೂಡಲೇ ಗಾಬರಿಯಾಗಬೇಡಿ. ಬಾಗಿಲು ಪದೇ ಪದೇ ತೆಗೆಯದಿದ್ದರೆ ಫ್ರಿಜ್ ಕೆಲವು ಗಂಟೆ ತಣ್ಣಗೇ ಇರುತ್ತೆ. ಬಳಕೆಗೆ ತೆಗೆದ ಬಾಟಲಿ ಸಾಮಾನ್ಯವಾಗಿ ನಾಲ್ಕು ವಾರದ ತನಕ ಬಿಸಿಲು ತಾಗದ ತಂಪು ಜಾಗದಲ್ಲಿ ಕೆಡಲ್ಲ. ನಿಮ್ಮದಕ್ಕೆ ಎಷ್ಟು ದಿನ ಅಂತ ಡಾಕ್ಟರನ್ನು ಕೇಳಿ ಹಾಳೆಯಲ್ಲಿ ಬರೀರಿ. ಬಾಟಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ನೀರಿರುವ ಮಣ್ಣಿನ ಮಡಕೆಯಲ್ಲಿ ಇಡೋದು ಹಳೇ ಉಪಾಯ, ಈಗಲೂ ನಡೆಯುತ್ತೆ. ಐಸಿನ ಮೇಲೆ ಮಾತ್ರ ನೇರವಾಗಿ ಇಡಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಉಪಯೋಗಕ್ಕೆ ಬರಲ್ಲ.

ಕರೆಂಟು, ನೀರು, ಗ್ಯಾಸು

ಮೇನ್ ಸ್ವಿಚ್ ಆರಿಸೋದನ್ನು ಮನೆಯಲ್ಲಿ ಎಲ್ಲರೂ ಒಂದೊಂದು ಸಲ ಮಾಡಿ ನೋಡಲಿ. (ನಮ್ಮನೆ ಕೆಲಸದಾಕೆಗೆ ಇದು ನಮ್ಮ ಯಜಮಾನ್ರಿಗಿಂತ ಮೊದಲೇ ಗೊತ್ತಿತ್ತು!) ನೀರು ಹೊಸಿಲ ಹತ್ತಿರ ಬರುತ್ತಿದ್ದಂತೆಯೇ ಒಣಗಿದ ಕೈಯಲ್ಲಿ ಆರಿಸಿಬಿಡಬೇಕು. ನೀರು ಆಗಲೇ ಪ್ಲಗ್ ಪಾಯಿಂಟ್ ಮುಟ್ಟಿದ್ದರೆ, ಸ್ವಿಚ್ ಬೋರ್ಡ್ ಮುಟ್ಟೋಕೆ ನೀರಲ್ಲಿ ನಿಲ್ಲಬೇಕಾದರೆ, ಆ ಸಾಹಸವೇ ಬೇಡ, 1912ಕ್ಕೆ ಫೋನ್ ಮಾಡಿ ಹೊರಗೆ ಬನ್ನಿ. 2025ರ ಮೇ ತಿಂಗಳಲ್ಲಿ ಬಿಟಿಎಂ ಬಡಾವಣೆಯ ಅಪಾರ್ಟ್‌ಮೆಂಟೊಂದರ ಬೇಸ್‌ಮೆಂಟಿನಲ್ಲಿ ನಿಂತ ಮಳೆನೀರನ್ನು ಮೋಟಾರ್ ಇಟ್ಟು ತೆಗೆಯಲು ಹೋದಾಗ ಕರೆಂಟು ಹೊಡೆದು ಇಬ್ಬರು ಸತ್ತರು. ಒಬ್ಬ 12 ವರ್ಷದ ಹುಡುಗ. ಕಾರು, ಬೈಕು ನೆಂದರೆ ನೆನೆಯಲಿ ಬಿಡಿ.

ಮೀಟರ್ ಬೋರ್ಡಿನಲ್ಲಿ 'ಟಿ' ಅಂತ ಸಣ್ಣ ಗುಂಡಿ ಇರುವ ಸ್ವಿಚ್ ಇದೆಯಾ ನೋಡಿ. ಶಾಕ್ ತಪ್ಪಿಸೋ ಸ್ವಿಚ್ ಅದು. ತಿಂಗಳಿಗೊಮ್ಮೆ ಗುಂಡಿ ಒತ್ತಿದರೆ ಟಕ್ ಅಂತ ಆರಬೇಕು. ಆರದಿದ್ದರೆ ಎಲೆಕ್ಟ್ರಿಷಿಯನ್ನನ್ನು ಕರೆಸಿ.

ರಸ್ತೆಯ ನೀರು ಸಂಪಿಗೆ ಇಳಿದಿದ್ದರೆ ಆ ನೀರನ್ನು ಮೇಲಿನ ಟ್ಯಾಂಕಿಗೆ ಏರಿಸಬೇಡಿ. ಚರಂಡಿ ನೀರೂ ಸೇರಿರುತ್ತೆ. ಸಂಪು ಖಾಲಿ ಮಾಡಿಸಿ, ಉಜ್ಜಿ ತೊಳೆಸಿ, ಬ್ಲೀಚಿಂಗ್ ಪೌಡರ್ ಹಾಕಿಸಿದ ಮೇಲೆಯೇ ಹೊಸ ನೀರು. ಅಲ್ಲಿಯವರೆಗೆ ಕುಡಿಯೋಕೆ, ಅಡುಗೆಗೆ ಒಬ್ಬರಿಗೆ ದಿನಕ್ಕೆ ಮೂರು ನಾಲ್ಕು ಲೀಟರಿನ ಲೆಕ್ಕದಲ್ಲಿ ಮುಚ್ಚಿದ ಕ್ಯಾನಿನಲ್ಲಿ ನೀರಿರಲಿ. ಅನುಮಾನ ಬಂದರೆ ಕೊತಕೊತ ಕುದಿಸಿ ಕುಡೀರಿ.

ಇನ್ನು ಗ್ಯಾಸು. ಸಿಲಿಂಡರ್ ತಂದ ಹುಡುಗ ಸದಾ ಅವಸರದಲ್ಲಿರ್ತಾನೆ. ಇರಲಿ, ಎರಡು ನಿಮಿಷ ನಿಲ್ಲಿಸಿ. ಸಿಲಿಂಡರಿನ ಮೇಲಿನ ಬಳೆಯನ್ನು ಹಿಡಿದಿರುವ ಮೂರು ಪಟ್ಟಿಗಳಲ್ಲಿ ಒಂದರ ಒಳಬದಿಗೆ ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಸಂಖ್ಯೆ ಇರುತ್ತೆ. ಎ ಅಂದರೆ ಮಾರ್ಚ್, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. 'ಸಿ 28' ಅಂತಿದ್ದರೆ 2028ರ ಸೆಪ್ಟೆಂಬರ್ ಮುಗಿಯುವುದರೊಳಗೆ ಆ ಸಿಲಿಂಡರನ್ನು ಮತ್ತೆ ಪರೀಕ್ಷೆ ಮಾಡಬೇಕು ಅಂತ ಅರ್ಥ. ಗಡುವು ದಾಟಿದ್ದರೆ 'ಬೇರೆ ಕೊಡಪ್ಪಾ' ಅನ್ನೋಕೆ ಸಂಕೋಚ ಬೇಡ. ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬಿಗೆ ಐದು ವರ್ಷ ಆಯಸ್ಸು. ನಮ್ಮನೆಯದಕ್ಕೆ ಏಳಾಗಿತ್ತು, ಹೇಳಿಕೊಳ್ಳೋಕೆ ನಾಚಿಕೆ.

ಗ್ಯಾಸ್ ವಾಸನೆ ಬಂದರೆ ಲೈಟ್ ಹಾಕಲೂಬಾರದು, ಉರೀತಿರೋದನ್ನು ಆರಿಸಲೂಬಾರದು, ಎಕ್ಸಾಸ್ಟ್ ಫ್ಯಾನನ್ನಂತೂ ಮುಟ್ಟಲೇಬಾರದು. ಒಂದು ಕಿಡಿ ಸಾಕು. ಹೊತ್ತಿಸಿದ ದೇವರ ದೀಪ ಇದ್ದರೆ ಆರಿಸಿ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆಯಿರಿ. ಈ ಗ್ಯಾಸು ಗಾಳಿಗಿಂತ ಭಾರ, ನೆಲದ ಮೇಲೇ ಹರಡಿರುತ್ತೆ, ಅದಕ್ಕೇ ಬಾಗಿಲು ತೆರೆಯೋದು ಮುಖ್ಯ. ಮನೆಯಿಂದ ದೂರ ಹೋಗಿ ಆಮೇಲೆ 1906ಕ್ಕೆ ಫೋನ್ ಮಾಡಿ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಎರಚಬೇಡಿ, ಒಲೆ ಆರಿಸಿ ದೊಡ್ಡ ತಟ್ಟೆ ಮುಚ್ಚಿ. ಕೈ ಸುಟ್ಟರೆ ಇಪ್ಪತ್ತು ನಿಮಿಷ ನಲ್ಲಿ ನೀರಿನ ಕೆಳಗೆ ಹಿಡೀರಿ, ಟೂತ್‌ಪೇಸ್ಟ್ ಬೇಡವೇ ಬೇಡ.

ಒಂದು ಮರೆತಿದ್ದೆ. ಕಳ್ಳರ ಭಯಕ್ಕೆ ನಾವೆಲ್ಲ ರಾತ್ರಿ ಗ್ರಿಲ್ಲಿಗೆ ಬೀಗ ಹಾಕ್ತೀವಲ್ಲ, ಆ ಬೀಗದ ಕೈ ಎಲ್ಲಿರುತ್ತೆ? ನಿಮ್ಮ ದಿಂಬಿನ ಕೆಳಗಾ? ಬಾಗಿಲ ಪಕ್ಕ, ಹೊರಗಿನವರ ಕೈಗೆ ಎಟುಕದ ಆದರೆ ಮಗನಿಗೆ ಎಟುಕುವ ಎತ್ತರಕ್ಕೆ ಒಂದು ಮೊಳೆ ಹೊಡೆದು ತಗುಲಿಹಾಕಿ. ಕತ್ತಲಲ್ಲಿ ತಡಕಿದರೂ ಸಿಗಬೇಕು.

ಚೀಲವನ್ನು ಒಮ್ಮೆ ತುಂಬಿಸಿ ಮರೆತರೆ ಮಾತ್ರೆಯ ತಾರೀಖು ಮುಗಿದಿರುತ್ತೆ, ಸೆಲ್ಲು ಸೋರಿರುತ್ತೆ. ನಾನು ವರ್ಷಕ್ಕೆ ಎರಡು ಸಲ ಬಿಚ್ಚಿ ನೋಡ್ತೀನಿ, ಯುಗಾದಿಗೆ ಮನೆ ಗುಡಿಸುವಾಗ ಮತ್ತು ಆಯುಧಪೂಜೆಗೆ ಗಾಡಿ ತೊಳೆಯುವಾಗ. ಗ್ಯಾಸ್ ಟ್ಯೂಬ್ ಹಾಕಿದ ವರ್ಷವನ್ನೂ ಆಗಲೇ ನೋಡೋದು. ಈಗ ಯಜಮಾನ್ರು ಮಾತ್ರೆ ಹೆಸರುಗಳನ್ನು ತಡವರಿಸದೆ ಹೇಳ್ತಾರೆ, ಹೈಸ್ಕೂಲಿಗೆ ಬಂದಿರೋ ಮಗ ಅವರಿಗೆ ಪರೀಕ್ಷೆ ಮಾಡ್ತಾನೆ. ಹೋದ ಆಯುಧಪೂಜೆಗೆ ಚೀಲ ಬಿಚ್ಚಿದರೆ ನಾನು ಇಡದೇ ಇದ್ದ ಒಂದು ಪುಟ್ಟ ಸಂಚಿ ಸಿಕ್ಕಿತು. ಒಳಗೆ ಅಡಿಕೆ, ಸುಣ್ಣದ ಡಬ್ಬಿ. ಅತ್ತೆಯ ಮುಖ ನೋಡಿದೆ. 'ದೋಣೀಲಿ ಕೂತ್ಕೊಂಡ್ರೆ ಬಾಯಾಡಿಸೋಕೆ ಬೇಡ್ವೇನಮ್ಮ?' ಅಂದರು. ಎಲೆ ಮಾತ್ರ ಇಟ್ಟಿರಲಿಲ್ಲ, ಬಾಡುತ್ತೆ ಅಂತ.