ರುಬ್ಬುವ ಯಂತ್ರ ಕೆಟ್ಟಾಗ: ದುರಸ್ತಿಯೋ, ಹೊಸದೋ?

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಗಳಲ್ಲಿ, ಅವು ದೇವಾಂಗ ನೇಕಾರರವಾಗಿರಲಿ, ಹೋಟೆಲು ನಡೆಸಲು ಉಡುಪಿಯ ಕಡೆಯಿಂದ ಬಂದವರವಾಗಿರಲಿ, ಅಡಿಗೆಮನೆಯ ಮೂಲೆಯಲ್ಲಿ ಗ್ರೈಂಡರೊಂದು ಇದ್ದೇ ಇರುತ್ತದೆ. ಇದು ಈ ನೆಲದಲ್ಲೇ ಹುಟ್ಟಿದ ಯಂತ್ರ. 1955ರಲ್ಲಿ ಕೊಯಮತ್ತೂರಿನ ಪಿ. ಸಭಾಪತಿಯವರು ಇದನ್ನು ರೂಪಿಸಿದರೆಂದು ಈ ಉದ್ಯಮದವರು ಸ್ಮರಿಸುತ್ತಾರೆ. ನಮ್ಮ ಅಜ್ಜಿಯರ ಕಾಲದಲ್ಲಿ ಒರಳು ನಿಂತಿತ್ತು, ಗುಂಡು ತಿರುಗುತ್ತಿತ್ತು; ಯಂತ್ರದಲ್ಲಿ ಒರಳು ತಿರುಗುತ್ತದೆ, ಗುಂಡು ತನ್ನ ಜಾಗದಲ್ಲೇ ಉರುಳುತ್ತದೆ. 1930ರ ದಶಕದಲ್ಲಿ ಪೈಕಾರಾದ ಜಲವಿದ್ಯುತ್ತು ಇತ್ತ ಹರಿದು ಬಂದುದು, ಅದರ ಬೆನ್ನಿಗೆ ಎರಕದ ಮನೆಗಳೂ ಮೋಟಾರು ಕಾರ್ಖಾನೆಗಳೂ ಬೆಳೆದುದು, ಊತುಕುಳಿಯ ಕಡೆ ಒಳ್ಳೆಯ ಕಲ್ಲು ಸಿಗುವುದು, ಇವೆಲ್ಲ ಕೂಡಿದ್ದರಿಂದಲೇ ಈ ಉದ್ಯಮ ಇಲ್ಲಿ ಬೇರೂರಿತು. ಈ ಶತಮಾನದ ಮೊದಲ ದಶಕದಲ್ಲಿ ಕೊಯಮತ್ತೂರು ಗ್ರೈಂಡರಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು.

ಅಂಥ ಯಂತ್ರ ಒಂದು ದಿನ ನಿಂತುಹೋದಾಗ ಏನು ಮಾಡಬೇಕು? ಮೋಟಾರು ವೈಂಡಿಂಗ್ ಕೆಲಸದಲ್ಲಿ ಬಹುಕಾಲ ಕಳೆದ ನನಗೆ ಇದು ಚಿರಪರಿಚಿತವಾದ ಪ್ರಶ್ನೆ. ಅಂಗಡಿಯವರು ಹೊಸದನ್ನು ಕೊಳ್ಳಿರೆನ್ನುತ್ತಾರೆ, ವೈಂಡಿಂಗಿನವರು ಸುತ್ತಿಸಿರೆನ್ನುತ್ತಾರೆ. ನಾನು ಎರಡನೆಯ ಪಂಗಡದವನು. ಓದುಗರು ನನ್ನ ಮಾತನ್ನು ಅಷ್ಟು ಸೋಡಿ ಬಿಟ್ಟೇ ಕೇಳಬೇಕು.

ಮೊದಲು ಯಂತ್ರದ ದನಿಯನ್ನು ಆಲಿಸಬೇಕು. ಮೋಟಾರು ತಿರುಗುತ್ತಿದ್ದು ಒರಳು ಮಾತ್ರ ನಿಂತಿದ್ದರೆ ಬೆಲ್ಟು ಸಡಿಲಾಗಿದೆ ಅಥವಾ ಸವೆದಿದೆ. ಅದರ ಮೇಲೆ ಅಚ್ಚಾಗಿರುವ ಸಂಖ್ಯೆಯನ್ನು ಬರೆದುಕೊಂಡು ಹೋದರೆ ಅದೇ ಅಳತೆಯದು ಸಿಗುತ್ತದೆ. ಮೋಟಾರು 'ಗುಂಯ್' ಎನ್ನುತ್ತ ತಿರುಗದೆ ನಿಂತರೆ ತಕ್ಷಣ ಸ್ವಿಚ್ಚನ್ನು ಆರಿಸಬೇಕು; ಹಾಗೆಯೇ ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಸುರುಳಿ ಸುಟ್ಟುಹೋಗುತ್ತದೆ. ಪ್ಲಗ್ಗನ್ನು ಕಿತ್ತು, ಬೆಲ್ಟನ್ನು ತೆಗೆದು, ಮೋಟಾರಿನ ಗಾಲಿಯನ್ನು ಕೈಯಿಂದ ತಿರುಗಿಸಿ ನೋಡಬಹುದು. ಬಿಗಿಯಾಗಿದ್ದರೆ ಬೇರಿಂಗಿನ ದೋಷ. ಸರಾಗವಾಗಿ ತಿರುಗಿದರೆ ಬಹುಮಟ್ಟಿಗೆ ಕೆಪಾಸಿಟರಿನ ದೋಷ. ಕೆಪಾಸಿಟರನ್ನು ಮಾತ್ರ ಬರಿಗೈಯಿಂದ ಮುಟ್ಟಕೂಡದು, ಪ್ಲಗ್ಗು ಕಿತ್ತ ಮೇಲೂ ಅದರಲ್ಲಿ ವಿದ್ಯುತ್ತು ಉಳಿದಿರಬಹುದು. ಬೆಲ್ಟು, ಕೆಪಾಸಿಟರ್, ಸ್ವಿಚ್ಚು, ಬೇರಿಂಗ್ ಇವುಗಳಿಗಾಗಿ ಒಳ್ಳೆಯ ಕಲ್ಲಿನ ಯಂತ್ರವನ್ನು ಗುಜರಿಗೆ ಕೊಡುವುದು ದುಂದುಗಾರಿಕೆಯೇ ಸರಿ.

ಸುಟ್ಟ ವಾಸನೆ ಬಂದರೆ ಲೆಕ್ಕ ಬೇರೆ. ಸುರುಳಿಯನ್ನು ಮತ್ತೆ ಸುತ್ತಿಸುವುದೇ ದುರಸ್ತಿಯಲ್ಲಿ ದೊಡ್ಡ ಖರ್ಚು. ತಾಮ್ರದ ತಂತಿಯಿಂದ, ಮೊದಲಿದ್ದ ದಪ್ಪದಲ್ಲೇ ಸುತ್ತುತ್ತಾರೆಯೇ ಎಂದು ಕೇಳಿ ತಿಳಿಯಬೇಕು. ಅಲ್ಯೂಮಿನಿಯಂ ತಂತಿ ಅಗ್ಗ, ಬಾಳಿಕೆಯೂ ಅಷ್ಟಕ್ಕಷ್ಟೇ. ಖರ್ಚು ಹೊಸ ಯಂತ್ರದ ಬೆಲೆಯ ಅರ್ಧದೊಳಗಿದ್ದು, ಕಲ್ಲೂ ಚೌಕಟ್ಟೂ ಗಟ್ಟಿಯಾಗಿದ್ದರೆ ನಾನು ಸುತ್ತಿಸಿರೆಂದೇ ಹೇಳುತ್ತೇನೆ.

"ಹೊಸದು ಕರೆಂಟು ಉಳಿಸುತ್ತದೆ" ಎಂಬ ಮಾತನ್ನು ಲೆಕ್ಕ ಹಾಕಿ ನೋಡೋಣ. ಅರ್ಧ ಅಶ್ವಶಕ್ತಿಯ ಹಳೆಯ ಮೋಟಾರು, ನಷ್ಟವೂ ಸೇರಿ, ಸುಮಾರು 600 ವ್ಯಾಟ್ ಎಳೆಯಿತೆನ್ನಿ. ವಾರಕ್ಕೆ ಎರಡು ಸಲ ಅರ್ಧರ್ಧ ಗಂಟೆ ರುಬ್ಬಿದರೆ ವರ್ಷಕ್ಕೆ ಸುಮಾರು 31 ಯೂನಿಟ್. ಮೇಜಿನ ಮೇಲಿಡುವ 150 ವ್ಯಾಟಿನ ಯಂತ್ರಕ್ಕೆ ಸುಮಾರು 8. ಉಳಿಯುವುದು ವರ್ಷಕ್ಕೆ 23 ಯೂನಿಟ್. ಮನೆಯ ಮಟ್ಟಿಗೆ ಇದು ಕಾರಣವೇ ಅಲ್ಲ. ದಿನವಿಡೀ ರುಬ್ಬುವ ಹೋಟೆಲಿನವರು ಬೇರೆಯೇ ಲೆಕ್ಕ ಹಾಕಬೇಕಾದೀತು.

ಹೊಸದನ್ನು ಕೊಳ್ಳಲು ನಿಜವಾದ ಕಾರಣಗಳು ಎರಡು. ಮುಟ್ಟಿದರೆ ಜುಮ್ಮೆನ್ನುವ ಯಂತ್ರವನ್ನು ಆ ಕ್ಷಣವೇ ನಿಲ್ಲಿಸಬೇಕು. ಅಡಿಗೆಮನೆಯ ಒದ್ದೆ ನೆಲ, ಒದ್ದೆ ಕೈ, ಲೋಹದ ಚೌಕಟ್ಟು ಇವು ಕೂಡಿದರೆ ಪ್ರಾಣಕ್ಕೇ ಸಂಚಕಾರ. ಅರ್ಥಿಂಗ್ ಸರಿಪಡಿಸಿ, ನೀರು ಒಳಗಿಳಿಯುವ ಸೀಲನ್ನು ಬದಲಿಸಿದ ಮೇಲೂ ಜುಮ್ಮೆಂದರೆ ಮಮತೆಯನ್ನು ಬದಿಗಿಟ್ಟು ಯಂತ್ರವನ್ನು ಬಿಟ್ಟುಬಿಡಬೇಕು. ಇನ್ನೊಂದು, ಒಂಟಿಯಾಗಿರುವ ವಯಸ್ಸಾದವರ ಕಷ್ಟ. ಹಳೆಯ ಯಂತ್ರದ ಗುಂಡನ್ನು ಎತ್ತಿ ತೊಳೆಯಲು ಎಪ್ಪತ್ತು ದಾಟಿದ ತಾಯಿಗೆ ಆಗದು. ಅಲ್ಲಿ ಯಂತ್ರ ಕೆಡದಿದ್ದರೂ ಚಿಕ್ಕದೊಂದನ್ನು ತರುವುದೇ ವಿವೇಕ.

ಚಿಕ್ಕ ಯಂತ್ರಗಳ ತೊಂದರೆಯೆಂದರೆ ಒಳಗಿನ ಗೇರು. ಅದು ಸವೆದರೆ ಅದೇ ತಯಾರಕರ ಬಿಡಿಭಾಗವೇ ಬೇಕು. 2011ರ ಸೆಪ್ಟೆಂಬರಿನಲ್ಲಿ ಆರಂಭವಾದ ತಮಿಳುನಾಡು ಸರ್ಕಾರದ ಯೋಜನೆಯಲ್ಲಿ ಮಿಕ್ಸಿ, ಫ್ಯಾನುಗಳೊಡನೆ ಉಚಿತವಾಗಿ ಹಂಚಲಾದ ಗ್ರೈಂಡರುಗಳು ದುರಸ್ತಿಗೆ ಬಂದಾಗ ಮೊದಲು ಹುಡುಕುವುದೂ ಈ ಬಿಡಿಭಾಗವನ್ನೇ. ಹೊಸದನ್ನು ಕೊಳ್ಳುವವರು ಬಣ್ಣ, ಹೊಳಪುಗಳಿಗಿಂತ ಮೊದಲು "ಗೇರು, ಸೀಲು ನಿಮ್ಮಲ್ಲೇ ಸಿಗುತ್ತವೆಯೇ?" ಎಂದು ಕೇಳುವುದು ಲೇಸು.

ಇನ್ನು, ಹಿಟ್ಟು ನುಣ್ಣಗಾಗುತ್ತಿಲ್ಲವೆಂಬ ದೂರಿಗೆ ಮೋಟಾರು ಕಾರಣವಲ್ಲ. ಕಲ್ಲಿನ ಒರಟುತನ ಸವೆದಿರುತ್ತದೆ. ಬಲ್ಲವರನ್ನು ಕರೆಸಿ ಉಳಿಯಿಂದ ಕಲ್ಲು ಕುಟ್ಟಿಸಿ, ಮೊದಲ ಸಲ ಒಂದು ಹಿಡಿ ಅಕ್ಕಿ ರುಬ್ಬಿ ಚೆಲ್ಲಿದರೆ ಪುಡಿಯೆಲ್ಲ ಹೋಗುತ್ತದೆ. ಮರುದಿನದಿಂದಲೇ ಇಡ್ಲಿ ಮೆತ್ತಗಾಗುತ್ತದೆ.